ಸುದ್ದಿ ಕೊಟ್ಟವರ ಹೆಸರು ಇಮೇಲ್‌ನಿಂದ ಸೋರದಂತೆ ನೋಡಿಕೊಳ್ಳುವುದು ಹೇಗೆ: ಜಿಲ್ಲಾ ವರದಿಗಾರರಿಗೆ ಸಮಗ್ರ ಮಾರ್ಗದರ್ಶಿ

ಸುದ್ದಿ ಅಚ್ಚಾದ ವಾರದಲ್ಲೇ ಕಡತದ ಪ್ರತಿ ಕೊಟ್ಟ ನೌಕರರಿಗೆ ಕಾರಣ ಕೇಳಿ ನೋಟಿಸ್ ಬರುತ್ತದೆ. ಇಲ್ಲವೇ ಎತ್ತಂಗಡಿ ಆಗುತ್ತದೆ. ವರದಿಗಾರರು "ನಾನು ಯಾರ ಹೆಸರನ್ನೂ ಬಾಯಿಬಿಟ್ಟಿಲ್ಲ" ಅನ್ನುತ್ತಾರೆ. ಅದು ನಿಜವೇ. ಆದರೆ ಅವರ ಇಮೇಲ್ ಅಷ್ಟರಲ್ಲಿ ಎಲ್ಲ ಹೇಳಿಬಿಟ್ಟಿರುತ್ತದೆ.

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ವರದಿಗಾರರು ಹೆಚ್ಚಾಗಿ ಕೇಳುವುದು "ಯಾವ ಆ್ಯಪ್ ಹಾಕಿಕೊಳ್ಳಲಿ?" ಅಂತ. ತಪ್ಪು ಶುರುವಾಗುವುದೇ ಅಲ್ಲಿ. ಆ್ಯಪ್ ಹಾಕಿಕೊಳ್ಳುವ ಮೊದಲೇ ನಾಲ್ಕು ಮೇಲ್ ಹೋಗಿ ಬಂದಿರುತ್ತವೆ. ಬೆಂಗಳೂರಿನ ದೊಡ್ಡ ಇಲಾಖೆಯಲ್ಲಿ ಒಂದು ಕಡತವನ್ನು ಹತ್ತಾರು ಜನ ನೋಡಿರಬಹುದು. ತಾಲ್ಲೂಕಿನ ಉಪವಿಭಾಗದ ಕಚೇರಿಯಲ್ಲಿ ನೋಡಿದವರು ಮೂರೋ ನಾಲ್ಕೋ ಜನ. ಇಲ್ಲಿ ಮೇಲ್‌ನಲ್ಲಿ ಏನು ಬರೆದಿತ್ತು ಅನ್ನುವುದು ಬೇಕಾಗಿಯೇ ಇಲ್ಲ. ಯಾರು ಯಾರಿಗೆ ಯಾವತ್ತು ಬರೆದರು ಅನ್ನುವುದಷ್ಟೇ ಸಾಕು.

ಅದಕ್ಕೇ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಆರನೆಯದನ್ನು ಚೆನ್ನಾಗಿ ಮಾಡಿ ನಾಲ್ಕನೆಯದನ್ನು ಬಿಟ್ಟರೆ ಏನೂ ಉಪಯೋಗವಿಲ್ಲ.

ಉದಾಹರಣೆಗೆ ಹೀಗೆ ಅಂದುಕೊಳ್ಳಿ. ಮುಳಬಾಗಿಲು ಕಡೆಯ ಒಂದು ಕೆರೆಯಲ್ಲಿ ಹೂಳು ತೆಗೆಯದೆಯೇ ಬಿಲ್ ಆಗಿದೆ. ಅಳತೆ ಪುಸ್ತಕದ, ಅಂದರೆ ಎಂ.ಬಿ. ಪುಸ್ತಕದ ಪ್ರತಿ ಕೊಡಲು ಕಚೇರಿಯ ಒಬ್ಬರು ಮುಂದೆ ಬಂದಿದ್ದಾರೆ. ಪ್ರತಿ ಹಂತದಲ್ಲೂ ಇದನ್ನೇ ಇಟ್ಟುಕೊಂಡು ನೋಡೋಣ.

ಮೊದಲೇ ಸಿದ್ಧವಿರಬೇಕಾದವು

ನಿಮ್ಮೊಬ್ಬರದೇ ಪಾಸ್‌ವರ್ಡ್ ಇರುವ ಒಂದು ಮೇಲ್ ಖಾತೆ. ಅಪ್‌ಡೇಟ್ ಆಗಿರುವ ಫೋನ್. ಅದರಲ್ಲಿ ಸಂದೇಶ ಕಳಿಸುವ ಸಿಗ್ನಲ್ ಆ್ಯಪ್. ಮನೆಯವರು, ಡಿಟಿಪಿ ಮಾಡುವವರು ಮುಟ್ಟದ ಒಂದು ಕಂಪ್ಯೂಟರ್. ಹಳೆಯದಾದರೂ ಪರವಾಗಿಲ್ಲ. ಒಂದು ನೋಟ್ ಪುಸ್ತಕ. ಜೊತೆಗೆ ಕರೆದರೆ ಬರುವ ಒಬ್ಬ ವಕೀಲರ ನಂಬರ್, ಕಾಗದದ ಮೇಲೆ ಬರೆದದ್ದು.

ಹಂತ 1: ಯಾರ ಕಣ್ಣು ತಪ್ಪಿಸಬೇಕು ಅಂತ ಬರೆದುಕೊಳ್ಳಿ

ಸರ್ಕಾರದ ಕಣ್ಗಾವಲು ಅಂದ ಕೂಡಲೇ ಎಲ್ಲರಿಗೂ ಫೋನಿನೊಳಗೆ ಹೊಕ್ಕು ಕದ್ದು ನೋಡುವ ಪೆಗಾಸಸ್ ತಂತ್ರಾಂಶ ನೆನಪಾಗುತ್ತದೆ. ಜಿಲ್ಲೆಯ ಸುದ್ದಿಯಲ್ಲಿ ಮೊದಲ ಅಪಾಯ ಅದಲ್ಲ. ನೋಡುವವರಲ್ಲಿ ಮೂರು ಬಗೆ ಇದ್ದಾರೆ. ಒಂದು, ಮಾಹಿತಿ ಕೊಟ್ಟವರ ಕಚೇರಿಯೇ. ಸರ್ಕಾರಿ ಮೇಲ್ ಖಾತೆ, ಕಚೇರಿಯ ಕಂಪ್ಯೂಟರ್, ಕಚೇರಿಯ ವೈಫೈ ಎಲ್ಲ ಅವರ ಕೈಯಲ್ಲೇ ಇವೆ. ಎರಡು, ದೂರು ದಾಖಲಾದ ಮೇಲೆ ಬರುವ ಪೊಲೀಸರು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 94ನೇ ಕಲಂ ಪ್ರಕಾರ ದಾಖಲೆ, ಎಲೆಕ್ಟ್ರಾನಿಕ್ ಸಂವಹನ, ಸಾಧನಗಳನ್ನು ಹಾಜರುಪಡಿಸಲು ಹೇಳಬಹುದು. ಮೇಲ್ ಕಂಪನಿಯಿಂದಲೂ ವಿವರ ಕೇಳಬಹುದು.

ಮೂರನೆಯದು ಗುಟ್ಟಾಗಿ ನಡೆಯುವ ತಡೆಹಿಡಿಯುವಿಕೆ, ಅಂದರೆ ನಿಮ್ಮ ಸಂದೇಶಗಳನ್ನು ನಡುದಾರಿಯಲ್ಲೇ ಹಿಡಿದು ಓದುವುದು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ನೇ ಕಲಂ ಮತ್ತು 2009ರ ನಿಯಮಗಳ ಅಡಿ ಕೇಂದ್ರದ ಅಥವಾ ರಾಜ್ಯದ ಗೃಹ ಕಾರ್ಯದರ್ಶಿಯವರ ಆದೇಶ ಬೇಕು. ಆದೇಶ 60 ದಿನ ನಡೆಯುತ್ತದೆ. ಮುಂದುವರಿಸಿದರೂ ಒಟ್ಟು 180 ದಿನ ದಾಟುವಂತಿಲ್ಲ. ಆದರೆ ನಿಮಗೆ ಯಾರೂ ತಿಳಿಸುವುದಿಲ್ಲ. ಆದೇಶ ಕೊಡುವವರೂ ಸರ್ಕಾರದವರೇ, ಪರಿಶೀಲಿಸುವ ಸಮಿತಿಯಲ್ಲಿರುವವರೂ ಸರ್ಕಾರದವರೇ. ನನ್ನ ಮಟ್ಟಿಗೆ ಕಣ್ಗಾವಲಿನ ಇಡೀ ಚರ್ಚೆಯ ಗಂಟು ಇರುವುದು ಇಲ್ಲಿಯೇ. ನ್ಯಾಯಾಧೀಶರೊಬ್ಬರು ಮೊದಲೇ ನೋಡಿ ಒಪ್ಪುವ ಏರ್ಪಾಡು ಇಲ್ಲದಿರುವಾಗ "ತಪ್ಪು ಮಾಡದವರಿಗೆ ಯಾಕೆ ಭಯ" ಅನ್ನುವ ಮಾತು ಕೆರೆಯ ಬಿಲ್ ತೋರಿಸಿಕೊಟ್ಟ ನೌಕರರಿಗೆ ಯಾವ ಧೈರ್ಯವನ್ನೂ ಕೊಡುವುದಿಲ್ಲ.

ನಮ್ಮ ಉದಾಹರಣೆಯಲ್ಲಿ ಮೊದಲ ಕಣ್ಣು ಕಚೇರಿಯದೇ. ಆಮೇಲೆ ಗುತ್ತಿಗೆದಾರರದು. ಪೊಲೀಸರು ಬಂದರೂ ಅವರ ನಂತರವೇ ಬರುತ್ತಾರೆ.

ಹಂತ 2: ಕೊಡುವ ಮಾತಿನ ಅಳತೆ ತಿಳಿದುಕೊಳ್ಳಿ

"ನಿಮ್ಮ ಹೆಸರು ಯಾವತ್ತೂ ಹೊರಗೆ ಬರಲ್ಲ" ಅಂತ ಹೇಳಬೇಡಿ. ಆ ಮಾತು ಉಳಿಸಿಕೊಳ್ಳುವುದು ಪೂರ್ತಿ ನಿಮ್ಮ ಕೈಯಲ್ಲಿಲ್ಲ. "ನಾನು ಹೇಳುವುದಿಲ್ಲ, ಆದರೆ ಬೇರೆ ದಾರಿಗಳಿಂದ ಅವರೇ ಊಹಿಸಬಹುದು" ಅನ್ನುವುದು ಪ್ರಾಮಾಣಿಕ ಮಾತು. ಇದನ್ನು ದಾಖಲೆ ಕೈಗೆ ತೆಗೆದುಕೊಳ್ಳುವ ಮೊದಲು ಹೇಳಬೇಕು. ತೆಗೆದುಕೊಂಡ ಮೇಲೆ ಹೇಳಿದರೆ ಅದು ಮೋಸ.

ಕಾನೂನಿನ ರಕ್ಷಣೆ ಎಷ್ಟಿದೆ ಅಂತಲೂ ತಿಳಿದಿರಲಿ. 1978ರ ಪ್ರೆಸ್ ಕೌನ್ಸಿಲ್ ಕಾಯ್ದೆಯ 15(2) ಕಲಂ ಸುದ್ದಿಯ ಮೂಲ ತಿಳಿಸುವಂತೆ ಪತ್ರಕರ್ತರನ್ನು ಬಲವಂತ ಮಾಡುವಂತಿಲ್ಲ ಅನ್ನುತ್ತದೆ. ಇದು ಕೌನ್ಸಿಲ್ ನಡೆಸುವ ವಿಚಾರಣೆಗೆ ಮಾತ್ರ. ಪೊಲೀಸ್ ಠಾಣೆಯಲ್ಲಿ, ಕೋರ್ಟಿನಲ್ಲಿ ಅದು ನಡೆಯುವುದಿಲ್ಲ. ಬಹಳ ಜನ ಇದನ್ನೇ ನಂಬಿಕೊಂಡು ಕೂತಿರುತ್ತಾರೆ. 2021ರ ಅಕ್ಟೋಬರ್ 27ರ ಪೆಗಾಸಸ್ ಆದೇಶದಲ್ಲಿ ಸುಪ್ರೀಂ ಕೋರ್ಟ್ ಸುದ್ದಿಮೂಲಗಳ ರಕ್ಷಣೆ ಪತ್ರಿಕಾ ಸ್ವಾತಂತ್ರ್ಯಕ್ಕೆ ಮೂಲಭೂತ ಅಂತ ಹೇಳಿತು. ನಿಮ್ಮ ವಕೀಲರಿಗೆ ಇದು ಒಳ್ಳೆಯ ಆಧಾರ. ಆದರೆ ಪತ್ರಕರ್ತರ ಮೂಲ ಕಾಯಲೆಂದೇ ಮಾಡಿದ ಕಾನೂನು ನಮ್ಮಲ್ಲಿಲ್ಲ. ಒಳಗಿನ ಅಕ್ರಮ ಬಯಲು ಮಾಡುವವರನ್ನು ರಕ್ಷಿಸುವ 2014ರ ಕಾಯ್ದೆ ಪಾಸಾಗಿದೆ, ಜಾರಿಗೆ ಬಂದಿಲ್ಲ.

ಇನ್ನೊಂದು. ಮಾನ್ಯತೆ ಪಡೆದ ವರದಿಗಾರರ ಸಂದೇಶಗಳಿಗೆ ದೂರಸಂಪರ್ಕ ಕಾಯ್ದೆಯಲ್ಲಿ ಸಣ್ಣ ವಿನಾಯಿತಿ ಇದೆ. ಅದು ಪ್ರಕಟಣೆಗೆಂದು ಕಳಿಸುವ ಸಂದೇಶಕ್ಕೆ. ಮೂಲದ ಜೊತೆ ನಡೆಸುವ ಮಾತಿಗೆ ಅದನ್ನು ನಂಬಿಕೊಳ್ಳಬೇಡಿ. ಮಾನ್ಯತೆಯ ಕಾರ್ಡ್ ಇಲ್ಲದ ತಾಲ್ಲೂಕು ವರದಿಗಾರರಿಗೆ ಆ ವಿನಾಯಿತಿಯೂ ಸಿಗುವುದಿಲ್ಲ.

ಹೆಸರು ಎಷ್ಟು ಜನಕ್ಕೆ ಗೊತ್ತಿರಬೇಕು ಅನ್ನುವುದನ್ನೂ ಈಗಲೇ ತೀರ್ಮಾನಿಸಿ. ನೀವು ಮತ್ತು ಸಂಪಾದಕರು, ಅಷ್ಟೇ. ಅದನ್ನು ಮಾಹಿತಿ ಕೊಡುವವರಿಗೂ ಹೇಳಿ.

ಹಂತ 3: ನಿಮ್ಮ ಮೇಲ್ ಖಾತೆಯ ಬಾಗಿಲು ಮುಚ್ಚಿ

ಸಣ್ಣ ಪತ್ರಿಕೆಗಳಲ್ಲಿ ಒಂದೇ ಜಿಮೇಲ್ ಖಾತೆ ಇಡೀ ಕಚೇರಿಗೆ. ಜಾಹೀರಾತು, ಪ್ರಕಟಣೆ, ಫೋಟೊ ಎಲ್ಲ ಅದಕ್ಕೇ ಬರುತ್ತವೆ. ಪಾಸ್‌ವರ್ಡ್ ಗೋಡೆಯ ಕ್ಯಾಲೆಂಡರ್ ಮೇಲೆ ಇರುತ್ತದೆ. ಆ ಖಾತೆಗೆ ಸೋರ್ಸ್‌ನಿಂದ, ಅಂದರೆ ಮಾಹಿತಿ ಕೊಡುವವರಿಂದ ಏನೂ ಬರಬಾರದು. ನಿಮ್ಮದೇ ಬೇರೆ ಖಾತೆ ಮಾಡಿ.

ಅದರಲ್ಲಿ ಎರಡು ಹಂತದ ದೃಢೀಕರಣ ಹಾಕಿ. ಎಸ್‌ಎಂಎಸ್ ಬದಲು ಪಾಸ್‌ಕೀ (ಪಾಸ್‌ವರ್ಡ್ ಬದಲು ನಿಮ್ಮ ಫೋನಿನ ಲಾಕ್‌ನಿಂದಲೇ ಒಳಹೋಗುವ ವ್ಯವಸ್ಥೆ) ಅಥವಾ ಕೋಡ್ ತೋರಿಸುವ ಆ್ಯಪ್ ಇದ್ದರೆ ಒಳ್ಳೆಯದು. ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ಫಾರ್ವರ್ಡಿಂಗ್ ಮತ್ತು ಫಿಲ್ಟರ್ ನೋಡಿ. ನಿಮಗೆ ಗೊತ್ತಿಲ್ಲದ ವಿಳಾಸಕ್ಕೆ ಮೇಲ್‌ಗಳು ಸುಮ್ನೆ ಹೋಗುತ್ತಿರಬಹುದು. ಪಾಸ್‌ವರ್ಡ್ ಬದಲಿಸಿದರೂ ಫಾರ್ವರ್ಡಿಂಗ್ ನಿಲ್ಲುವುದಿಲ್ಲ. ಲಾಗಿನ್ ಆಗಿರುವ ಸಾಧನಗಳ ಪಟ್ಟಿ ನೋಡಿ. ಹಳೆಯ ಡೆಸ್ಕ್‌ಟಾಪ್, ಮಾರಿಬಿಟ್ಟ ಫೋನ್ ಇದ್ದರೆ ತೆಗೆಯಿರಿ.

ಹೊರಗಿನ ಚಿತ್ರಗಳು ತಾವಾಗಿಯೇ ತೆರೆಯದಂತೆ ಮಾಡಿ. ನೀವು ಮೇಲ್ ತೆರೆದ ಹೊತ್ತನ್ನು ಕಳಿಸಿದವರಿಗೆ ತಿಳಿಸುವ ಕಾಣದ ಚಿತ್ರಗಳು ಇರುತ್ತವೆ. ಫೋನ್ ಲಾಕ್ ಆಗಿರುವಾಗ ಪರದೆ ಮೇಲೆ ಮೇಲ್‌ನ ಸಾಲು ಕಾಣುವುದನ್ನೂ ನಿಲ್ಲಿಸಿ. ಪತ್ರಿಕಾಗೋಷ್ಠಿಯಲ್ಲಿ ಮೇಜಿನ ಮೇಲೆ ಫೋನ್ ಇಟ್ಟು ಕೂರುವವರು ನಾವು, ಪಕ್ಕದಲ್ಲೇ ಅಧಿಕಾರಿಗಳಿರುತ್ತಾರೆ.

ಹಂತ 4: ಮೊದಲ ಮೇಲ್ ಬಂದಾಗ ಉತ್ತರ ಒತ್ತಬೇಡಿ

ಹೆಚ್ಚು ಜನ ಎಡವುವ ಜಾಗ ಇದು.

ನಿಮ್ಮ ಖಾತೆಗೆ ಒಂದು ಮೇಲ್ ಬಂದಿದೆ. ಸಬ್ಜೆಕ್ಟ್ ಸಾಲಿನಲ್ಲಿ ಕೆರೆಯ ಹೆಸರು, ಕಾಮಗಾರಿ ಸಂಖ್ಯೆ. ನಿಮಗೆ ಖುಷಿ. "ತುಂಬಾ ಧನ್ಯವಾದ, ಇನ್ನೂ ಏನಿದೆ?" ಅಂತ ಉತ್ತರಿಸುತ್ತೀರಿ. ಈಗ ಎರಡು ಕಡೆಯ ಖಾತೆಗಳಲ್ಲಿ ಎರಡು ವಿಳಾಸ, ತಾರೀಖು, ಹೊತ್ತು, ಸಬ್ಜೆಕ್ಟ್ ಎಲ್ಲ ಕೂತಿವೆ. ಅವರು ಕಚೇರಿಯ ಮೇಲ್‌ನಿಂದ ಕಳಿಸಿದ್ದರಂತೂ ಕಥೆ ಅಲ್ಲಿಗೇ ಮುಗಿಯಿತು.

ಅಮೆರಿಕದ ರಿಯಾಲಿಟಿ ವಿನ್ನರ್ ಅನ್ನುವ ಮಹಿಳೆಯ ಪ್ರಕರಣ ಇದಕ್ಕೆ ಪಾಠ. 2017ರಲ್ಲಿ ಒಂದು ಗುಪ್ತಚರ ವರದಿ ಸೋರಿದಾಗ ತನಿಖೆಯವರು ಮೊದಲು ನೋಡಿದ್ದು ಅದನ್ನು ಯಾರು ಪ್ರಿಂಟ್ ತೆಗೆದಿದ್ದರು ಅಂತ. ಆರು ಜನ ಸಿಕ್ಕಿದರು. ಅವರಲ್ಲಿ ಕಚೇರಿ ಕಂಪ್ಯೂಟರಿನಿಂದ ಆ ವರದಿ ಪಡೆದ ಸುದ್ದಿ ಸಂಸ್ಥೆಗೆ ಮೇಲ್ ಮಾಡಿದ್ದವರು ವಿನ್ನರ್ ಒಬ್ಬರೇ. ಅವರಿಗೆ ಐದು ವರ್ಷ ಮೂರು ತಿಂಗಳ ಶಿಕ್ಷೆಯಾಯಿತು. ಆರು ಜನರಲ್ಲಿ ಒಬ್ಬರನ್ನು ಹುಡುಕಲು ಅಷ್ಟು ಸಾಕಾಯಿತು ಅಂದರೆ, ನಮ್ಮ ಉಪವಿಭಾಗದ ಮೂರು ಜನರಲ್ಲಿ ಎಷ್ಟು ಹೊತ್ತು ಬೇಕು?

ಹಾಗಾಗಿ ವಿಷಯದ ಬಗ್ಗೆ ಉತ್ತರ ಬರೆಯಬೇಡಿ. ಫಾರ್ವರ್ಡ್ ಮಾಡಬೇಡಿ, ಸಂಪಾದಕರಿಗೂ ಬೇಡ. ಅವರು ಯಾರು ಅಂತ ಗೊತ್ತಿದ್ದರೆ ಎದುರಿಗೆ ಸಿಗುವಾಗ ಮಾತಾಡಿ. ಊರಿನ ಮದುವೆ, ಸಂತೆ, ದೇವಸ್ಥಾನ ಎಲ್ಲೇ ಆಗಲಿ. ಗೊತ್ತಿಲ್ಲದಿದ್ದರೆ ವಿಷಯ ಏನೂ ಹೇಳದ ಒಂದೇ ಸಾಲು ಬರೆಯಿರಿ: ಕಚೇರಿಯ ಸಾಧನ ಬಿಟ್ಟು, ಸ್ವಂತ ಫೋನಿನಿಂದ, ಸಿಗ್ನಲ್‌ನಲ್ಲಿ ಈ ಹೆಸರಿಗೆ ಬನ್ನಿ. ಆದರೆ ಆ ಸಾಲನ್ನು ಕಚೇರಿಯ ಸರ್ಕಾರಿ ವಿಳಾಸಕ್ಕಂತೂ ಕಳಿಸಲೇಬೇಡಿ. ಇದಕ್ಕಿಂತ ಒಳ್ಳೆಯದು, ಸಂಪರ್ಕಿಸುವ ದಾರಿಯನ್ನು ನಿಮ್ಮ ಪತ್ರಿಕೆಯಲ್ಲೇ ಎಲ್ಲರಿಗೂ ಕಾಣುವಂತೆ ಅಚ್ಚು ಮಾಡುವುದು. ಆಗ ಮೊದಲ ಮೇಲ್ ಹುಟ್ಟುವುದೇ ಇಲ್ಲ.

ಅವರ ನಂಬರನ್ನು "ಸಣ್ಣ ನೀರಾವರಿ ಎಇಇ" ಅಂತ ಇಲಾಖೆ, ಹುದ್ದೆ (ಎಇಇ ಅಂದರೆ ಸಹಾಯಕ ಕಾರ್ಯಪಾಲಕ ಎಂಜಿನಿಯರ್) ಹಾಕಿ ಸೇವ್ ಮಾಡಬೇಡಿ. ಫೋನಿನ ಸಂಪರ್ಕಗಳು ಗೂಗಲ್ ಖಾತೆಗೆ ಹೋಗಿ ಕೂರುತ್ತವೆ.

ಇಲ್ಲಿ ಮಾಡುವ ಇನ್ನೊಂದು ತಪ್ಪು: ತಾಲ್ಲೂಕು ಕಚೇರಿ ಎದುರಿನ ಜೆರಾಕ್ಸ್ ಅಂಗಡಿ. ದಾಖಲೆಯನ್ನು ಅಂಗಡಿಯ ಜಿಮೇಲ್‌ಗೋ ವಾಟ್ಸಾಪ್‌ಗೋ ಕಳಿಸಿ ಪ್ರಿಂಟ್ ತೆಗೆಸುವುದು ನಮ್ಮಲ್ಲಿ ಎಲ್ಲರ ಅಭ್ಯಾಸ. ಆ ಕಂಪ್ಯೂಟರಿನ ಡೌನ್‌ಲೋಡ್ ಫೋಲ್ಡರ್‌ನಲ್ಲಿ ಊರಿನ ಅರ್ಧ ಜನರ ಆಧಾರ್ ಇರುತ್ತದೆ, ನಿಮ್ಮ ಎಂ.ಬಿ. ಪುಟವೂ ಅಲ್ಲೇ ಉಳಿಯುತ್ತದೆ. ಸೈಬರ್ ಸೆಂಟರ್‌ಗೆ ಹೋದರೂ ಗುರುತು ಮುಚ್ಚುವುದಿಲ್ಲ. 2011ರ ನಿಯಮದ ಪ್ರಕಾರ ಅವರು ಗುರುತಿನ ಚೀಟಿ ನೋಡಿ, ದಾಖಲೆಯನ್ನು ಕನಿಷ್ಠ ಒಂದು ವರ್ಷ ಇಡಬೇಕು.

ಹಂತ 5: ಮಾತಿನ ದಾರಿ ಆರಿಸಿ

ಮಾತಿಗೆ ಸಿಗ್ನಲ್ ಸಾಕು. ಖಾತೆ ತೆರೆಯಲು ಫೋನ್ ನಂಬರ್ ಬೇಕು. ಆದರೆ 2024ರಿಂದ ನಂಬರ್ ಮರೆಮಾಡಿ ಬಳಕೆದಾರ ಹೆಸರಿನಿಂದ ಮಾತಾಡಬಹುದು. ಸಂದೇಶಗಳು ತಾವಾಗಿ ಅಳಿಯುವ ಅವಧಿಯನ್ನು ಮೊದಲ ದಿನವೇ ಹಾಕಿ. ವಾಟ್ಸಾಪ್ ಬಳಸಲೇಬೇಕಾದರೆ ಬ್ಯಾಕಪ್‌ಗೆ ಗೂಢಲಿಪಿ (ಬೇರೆಯವರು ಓದಲಾಗದಂತೆ ಮಾಡುವ ಬೀಗ) ಆನ್ ಆಗಿದೆಯಾ ಅಂತ ಎರಡೂ ಕಡೆ ನೋಡಿ.

ಇಮೇಲ್ ಬಿಡಲಾಗದಿದ್ದರೆ ಥಂಡರ್‌ಬರ್ಡ್ ಅನ್ನುವ ಮೇಲ್ ತಂತ್ರಾಂಶದಲ್ಲಿ ಓಪನ್‌ಪಿಜಿಪಿ ಸೌಲಭ್ಯ ಇದೆ. ಪಡೆಯುವವರ ಡಿಜಿಟಲ್ ಕೀಲಿಯಿಂದ ಮಾತ್ರ ಮೇಲ್ ತೆರೆಯುವಂತೆ ಅದು ಬೀಗ ಹಾಕುತ್ತದೆ. ಒಬ್ಬರ ಕೀಲಿ ಇನ್ನೊಬ್ಬರದೇ ಹೌದಾ ಅಂತ ಫೋನಿನಲ್ಲಿ ಓದಿ ತಾಳೆ ನೋಡಿ. ಇದು ಲಕೋಟೆಯ ಒಳಗಿನ ಕಾಗದವನ್ನು ಮುಚ್ಚುತ್ತದೆ. ಲಕೋಟೆ ಮೇಲಿನ ವಿಳಾಸ ಎಲ್ಲರಿಗೂ ಕಾಣುತ್ತಲೇ ಇರುತ್ತದೆ. ಸಬ್ಜೆಕ್ಟ್ ಸಾಲೂ ಹಲವು ಬಾರಿ ಹಾಗೇ ಉಳಿಯುತ್ತದೆ. ಅದನ್ನು ಖಾಲಿ ಬಿಡಿ.

ಗೂಢಲಿಪಿಯ ಮೇಲ್ ಕೊಡುವ ಪ್ರೋಟಾನ್ ಮೇಲ್ ಬಗ್ಗೆ ಎರಡು ಮಾತು. ಪ್ರೋಟಾನ್‌ನಿಂದ ಪ್ರೋಟಾನ್‌ಗೆ ಮಾತ್ರ ಒಳಗಿನ ಬರಹ ತಾನಾಗಿ ಮುಚ್ಚಿರುತ್ತದೆ. ಜಿಮೇಲ್‌ನಿಂದ ಬಂದರೆ ಜಿಮೇಲ್ ಕಡೆ ಪ್ರತಿ ಇದ್ದೇ ಇರುತ್ತದೆ. 2021ರಲ್ಲಿ ಸ್ವಿಸ್ ಅಧಿಕಾರಿಗಳ ಆದೇಶದ ಮೇಲೆ ಆ ಕಂಪನಿ ಫ್ರಾನ್ಸಿನ ಒಬ್ಬ ಹೋರಾಟಗಾರರ ಐಪಿ ವಿಳಾಸ (ಇಂಟರ್ನೆಟ್ ಸಂಪರ್ಕದ ಗುರುತಿನ ಸಂಖ್ಯೆ) ದಾಖಲಿಸಿ ಕೊಡಬೇಕಾಯಿತು. 2025ರ ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ದೇಶದಲ್ಲಿ ನಿರ್ಬಂಧಿಸಲು ಕ್ರಮ ಕೈಗೊಳ್ಳುವಂತೆ ಕೇಂದ್ರಕ್ಕೆ ಹೇಳಿತ್ತು. ಅದೊಂದನ್ನೇ ನಂಬಿ ಕೂರಬೇಡಿ. ಜಿಮೇಲ್‌ನ "ಕಾನ್ಫಿಡೆನ್ಷಿಯಲ್ ಮೋಡ್" ಹೆಸರಿಗೆ ಮರುಳಾಗಬೇಡಿ. ಅದನ್ನು ಗೂಗಲ್ ಓದಬಲ್ಲದು. ಇಂಟರ್ನೆಟ್ ಸಂಪರ್ಕವನ್ನು ಬೇರೆ ಕಂಪನಿಯ ಮೂಲಕ ಹಾಯಿಸಿ ಮರೆಮಾಡುವ ವಿಪಿಎನ್ ಹಾಕಿದರೆ ಎಲ್ಲ ಮುಚ್ಚಿತು ಅನ್ನುವುದೂ ತಪ್ಪು. ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ನಿರ್ದೇಶನ ಗ್ರಾಹಕರ ವಿವರವನ್ನು ಐದು ವರ್ಷ ಇಡುವಂತೆ ವಿಪಿಎನ್ ಕಂಪನಿಗಳಿಗೆ ಹೇಳುತ್ತದೆ.

ಹಂತ 6: ದಾಖಲೆ ತೆರೆಯುವುದು, ತೊಳೆಯುವುದು

ಬಂದ ಪಿಡಿಎಫ್ ಅನ್ನು ಫೋನಿನಲ್ಲಿ ನೇರವಾಗಿ ತೆರೆಯಬೇಡಿ. ಗುರುತಿಲ್ಲದವರು ಕಳಿಸಿದ್ದರೆ ಅದೇ ಬಲೆ ಇರಬಹುದು. ಡೇಂಜರ್‌ಜೋನ್ ಅನ್ನುವ ಉಚಿತ ತಂತ್ರಾಂಶ ಇದೆ. ಅನುಮಾನದ ಕಡತವನ್ನು ಬರೀ ಚಿತ್ರಗಳಾಗಿ ಮಾಡಿ ಹೊಸ ಪಿಡಿಎಫ್ ಕೊಡುತ್ತದೆ. ಬೇರೆ ಕಂಪ್ಯೂಟರ್‌ನಲ್ಲಿ ಅದನ್ನು ಬಳಸಿ.

ಆಮೇಲೆ ದಾಖಲೆಯಲ್ಲಿರುವ ಗುರುತುಗಳನ್ನು ಹುಡುಕಿ. ವರ್ಡ್ ಕಡತದ ಪ್ರಾಪರ್ಟೀಸ್‌ನಲ್ಲಿ ಬರೆದವರ ಹೆಸರು ಇರುತ್ತದೆ. ಫೋಟೊದಲ್ಲಿ ಜಾಗ, ಹೊತ್ತು, ಫೋನಿನ ಮಾದರಿ ಇರುತ್ತವೆ. 2012ರಲ್ಲಿ ತಲೆಮರೆಸಿಕೊಂಡಿದ್ದ, ಆಂಟಿವೈರಸ್ ತಂತ್ರಾಂಶದಿಂದ ಹೆಸರಾದ ಜಾನ್ ಮ್ಯಾಕಫಿ ಗ್ವಾಟೆಮಾಲಾದಲ್ಲಿ ಇದ್ದದ್ದು ಗೊತ್ತಾಗಿದ್ದು ಪತ್ರಿಕೆಯೊಂದು ಹಾಕಿದ ಫೋಟೊದೊಳಗಿದ್ದ ಜಾಗದ ಮಾಹಿತಿಯಿಂದ. ವಿಂಡೋಸ್‌ನಲ್ಲಿ ಕಡತದ ಮೇಲೆ ಬಲ ಕ್ಲಿಕ್ ಮಾಡಿ ಪ್ರಾಪರ್ಟೀಸ್, ಡೀಟೇಲ್ಸ್‌ಗೆ ಹೋದರೆ ವೈಯಕ್ತಿಕ ಮಾಹಿತಿ ತೆಗೆಯುವ ಕೊಂಡಿ ಕೆಳಗೆ ಇದೆ.

ಕಂಪ್ಯೂಟರಿಗೆ ಸಿಗದ ಗುರುತುಗಳು ಇನ್ನೂ ಜಾಸ್ತಿ. ಟಿಪ್ಪಣಿ ಹಾಳೆಯ ಅಂಚಿನ ಕಿರುಸಹಿ. ಪಂಚ್ ಮಾಡಿದ ತೂತು. ಜೆರಾಕ್ಸ್ ಯಂತ್ರದ ಗೀರು. ಮೇಜಿನ ಗಾಜಿನ ಕೆಳಗಿನ ದೇವರ ಪಟ ಫೋಟೊದ ಮೂಲೆಯಲ್ಲಿ ಬಿದ್ದಿರುವುದು. ಆ ಪ್ರತಿ ಯಾರ ಬಳಿ ಇದ್ದದ್ದು ಅಂತ ಕಚೇರಿಯವರು ನೋಡಿದ ತಕ್ಷಣ ಹೇಳುತ್ತಾರೆ. ಅದಕ್ಕೇ ದಾಖಲೆಯ ಚಿತ್ರವನ್ನು ಅಚ್ಚು ಮಾಡಬೇಡಿ. ಅಂಕಿಗಳನ್ನು ಟೈಪ್ ಮಾಡಿ ಕೋಷ್ಟಕವಾಗಿ ಹಾಕಿ. ಮುಖಪುಟಕ್ಕೆ ದಾಖಲೆಯ ಚಿತ್ರ ಇದ್ದರೆ ತೂಕ ಅಂತ ಸಂಪಾದಕರು ಕೇಳುತ್ತಾರೆ. ಅಲ್ಲಿ ಗಟ್ಟಿಯಾಗಿ ಬೇಡ ಅನ್ನಬೇಕು.

ಪಿಡಿಎಫ್ ಮೇಲೆ ಕಪ್ಪು ಪಟ್ಟಿ ಎಳೆದರೆ ಕೆಳಗಿನ ಅಕ್ಷರ ಹೋಗುವುದಿಲ್ಲ. ಕಾಪಿ ಮಾಡಿ ಬೇರೆಡೆ ಅಂಟಿಸಿದರೆ ಪೂರ್ತಿ ಬರುತ್ತದೆ.

ಹಂತ 7: ಅದೇ ಮಾಹಿತಿಗೆ ಎರಡನೇ ದಾರಿ ಹುಡುಕಿ

ನನ್ನ ಪ್ರಕಾರ ಯಾವ ಗೂಢಲಿಪಿಗಿಂತಲೂ ದೊಡ್ಡ ರಕ್ಷಣೆ ಇದೇ. ಸೋರಿಕೆಯ ಪ್ರತಿಯನ್ನು ದಾರಿ ತೋರಿಸಲು ಮಾತ್ರ ಇಟ್ಟುಕೊಳ್ಳಿ. ಸುದ್ದಿಯ ಆಧಾರವನ್ನು ಬಯಲಿನಲ್ಲಿ ಸಂಪಾದಿಸಿ.

ಟೆಂಡರ್ ವಿವರ ಸರ್ಕಾರದ ಖರೀದಿ ಜಾಲತಾಣದಲ್ಲಿ ಸಿಗಬಹುದು. ಕೆರೆಯ ಹತ್ತಿರ ಹೋಗಿ ನೋಡಿ, ಅಚ್ಚುಕಟ್ಟಿನ ರೈತರನ್ನು ಕೇಳಿ. ಉಳಿದದ್ದಕ್ಕೆ ಆರ್‌ಟಿಐ. ಕರ್ನಾಟಕದಲ್ಲಿ ಅರ್ಜಿ ಶುಲ್ಕ 10 ರೂಪಾಯಿ. ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದ ಮೀರುವಂತಿಲ್ಲ. ಯಾಕೆ ಬೇಕು ಅಂತ ನೀವು ಕಾರಣ ಹೇಳಬೇಕಿಲ್ಲ. 30 ದಿನದಲ್ಲಿ ಉತ್ತರ ಬರಬೇಕು.

ಇಲ್ಲಿಯ ತಪ್ಪು ಏನೆಂದರೆ ಎಂ.ಬಿ. ಸಂಖ್ಯೆ, ಪುಟ ಸಂಖ್ಯೆ ಬರೆದೇ ಕೇಳುವುದು. ಕೇಳಿದ ಕೂಡಲೇ ಪ್ರತಿ ನಿಮ್ಮ ಕೈಗೆ ಬಂದಿದೆ ಅಂತ ತಿಳಿಯುತ್ತದೆ. ತಾಲ್ಲೂಕಿನ ಎಲ್ಲ ಕೆರೆಗಳ ಎರಡು ವರ್ಷದ ಹೂಳೆತ್ತುವ ಕಾಮಗಾರಿ, ಬಿಲ್ ಮೊತ್ತ, ಎಂ.ಬಿ. ಪ್ರತಿ ಅಂತ ಅಗಲವಾಗಿ ಕೇಳಿ. ವ್ಯಕ್ತಿಗಳ ವಿವರ ಕೇಳಬೇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ ಆರ್‌ಟಿಐನ 8(1)(ಜೆ) ಕಲಂ ಅನ್ನು, ಅಂದರೆ ವೈಯಕ್ತಿಕ ಮಾಹಿತಿ ಕೊಡದಿರಲು ಅವಕಾಶ ಕೊಡುವ ಕಲಂ ಅನ್ನು ಬಿಗಿ ಮಾಡಿದ ಮೇಲೆ ಅಂಥ ಅರ್ಜಿ ತಿರಸ್ಕರಿಸುವುದು ಸುಲಭವಾಗಿದೆ.

ತಿಂಗಳು ಕಾಯುವುದು ಕಷ್ಟ. ಬೇರೆ ಪತ್ರಿಕೆಯವರು ಮೊದಲು ಹಾಕಿಬಿಟ್ಟರೆ ಅನ್ನುವ ಭಯ ಇರುತ್ತದೆ. ಆದರೂ ಒಬ್ಬರ ಕೆಲಸ ಉಳಿಯುವುದಾದರೆ ಕಾಯಬೇಕು.

ಹಂತ 8: ಇಲಾಖೆಯ ಪ್ರತಿಕ್ರಿಯೆ ಕೇಳುವಾಗ

ಪ್ರತಿಕ್ರಿಯೆ ಕೇಳದೆ ಹಾಕುವುದು ಅನ್ಯಾಯ. ಕೇಳುವ ರೀತಿಯಲ್ಲಿ ಸೋರುವುದು ಇನ್ನೊಂದು ಅನ್ಯಾಯ. "ಈ ದಾಖಲೆ ಸರಿಯಾ ಸಾರ್?" ಅಂತ ಪ್ರತಿ ಲಗತ್ತಿಸಿ ಎಂಜಿನಿಯರರಿಗೆ ಮೇಲ್ ಮಾಡುವವರು ಇದ್ದಾರೆ. ವಿನ್ನರ್ ಪ್ರಕರಣದಲ್ಲೂ ಸುದ್ದಿ ಸಂಸ್ಥೆ ಖಚಿತಪಡಿಸಿಕೊಳ್ಳಲು ತೋರಿಸಿದ ಪ್ರತಿಯಲ್ಲಿ ಮಡಿಕೆಯ ಗುರುತು ಕಂಡು, ಅದು ಪ್ರಿಂಟ್ ತೆಗೆದದ್ದು ಅಂತ ತನಿಖೆಯವರಿಗೆ ತಿಳಿಯಿತು.

ಪ್ರಶ್ನೆಗಳನ್ನು ನಿಮ್ಮ ಮಾತಿನಲ್ಲಿ ಬರೆಯಿರಿ. ಟಿಪ್ಪಣಿ ಹಾಳೆಯ ವಾಕ್ಯ ಎತ್ತಬೇಡಿ. "ಕೆರೆಯಲ್ಲಿ ಹೂಳು ಹಾಗೇ ಇದೆ ಅಂತ ರೈತರು ಹೇಳುತ್ತಾರೆ, ಬಿಲ್ ಎಷ್ಟಾಗಿದೆ?" ಅಂತ ಶುರು ಮಾಡಿ. ಇದನ್ನು ಪತ್ರಿಕೆಯ ಸಾಮಾನ್ಯ ಮೇಲ್‌ನಿಂದಲೇ ಕಳಿಸಿ. ಈ ಮೇಲ್ ದಾಖಲೆಯಾಗಿ ಉಳಿಯುವುದು ನಿಮಗೇ ಒಳ್ಳೆಯದು. ಉತ್ತರಕ್ಕೆ ಸಾಕಷ್ಟು ಹೊತ್ತು ಕೊಡಿ.

ಹಂತ 9: ಬೇರೆಯವರ ಮೇಲ್ ನಿಮ್ಮ ಕೈಗೆ ಬಂದರೆ

ಕೆಲವೊಮ್ಮೆ ಅಧಿಕಾರಿಯ ಇಡೀ ಮೇಲ್‌ಬಾಕ್ಸ್ ತಂದು ಕೊಡುತ್ತಾರೆ. ಸುಪ್ರೀಂ ಕೋರ್ಟಿನ 2017ರ ಆಗಸ್ಟ್ 24ರ ಪುಟ್ಟಸ್ವಾಮಿ ತೀರ್ಪು ಖಾಸಗಿತನವನ್ನು ಮೂಲಭೂತ ಹಕ್ಕು ಅಂತ ಹೇಳಿತು. ನಮ್ಮ ಸೋರ್ಸ್‌ಗೆ ಬೇಕಾದ ಆ ಹಕ್ಕು ಆ ಅಧಿಕಾರಿಯ ಹೆಂಡತಿ ಮಕ್ಕಳಿಗೂ ಇದೆ ಅಲ್ವಾ? ಬಿಲ್‌ಗೆ ಸಂಬಂಧಿಸಿದ್ದನ್ನು ಮಾತ್ರ ತೆಗೆದುಕೊಳ್ಳಿ. ಆಸ್ಪತ್ರೆ ವರದಿ, ಮನೆಯ ಜಗಳ, ಬ್ಯಾಂಕ್ ವಿವರ ಕಂಡರೆ ಅಲ್ಲಿಗೇ ಮುಚ್ಚಿ.

ಪಾಸ್‌ವರ್ಡ್ ಕೊಟ್ಟು "ನೀವೇ ನೋಡಿ" ಅಂದರೆ ಲಾಗಿನ್ ಆಗಬೇಡಿ. ಅದು ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ ಅಪರಾಧ. ಕದ್ದು ತನ್ನಿ ಅಂತ ಯಾರಿಗೂ ಹೇಳಬೇಡಿ. ರಕ್ಷಣೆ, ಗಡಿ, ಗುಪ್ತಚರಕ್ಕೆ ಸೇರಿದ ಕಾಗದ ಅನ್ನಿಸಿದರೆ 1923ರ ಅಧಿಕೃತ ರಹಸ್ಯ ಕಾಯ್ದೆ ಆ ಕಾಗದ ಪಡೆದವರಿಗೂ ತಗಲುತ್ತದೆ. ಮೊದಲು ವಕೀಲರನ್ನು ನೋಡಿ.

ಹಂತ 10: ಪ್ರಕಟವಾದ ಮೇಲೆ

ಈ ಸೂಚನೆಗಳನ್ನು ಗಮನಿಸಿ. ನೀವು ಕೇಳದೆಯೇ ಪಾಸ್‌ವರ್ಡ್ ಬದಲಿಸುವ ಕೋಡ್ ಬರುವುದು. ಓದದ ಮೇಲ್ ಓದಿದಂತೆ ಕಾಣುವುದು. ಸಿಮ್ ಇದ್ದಕ್ಕಿದ್ದಂತೆ ಸತ್ತುಹೋಗುವುದು. ಸರ್ಕಾರಿ ಬೆಂಬಲದ ದಾಳಿ ಅಂತ ಗೂಗಲ್ ಅಥವಾ ಆ್ಯಪಲ್‌ನಿಂದ ಎಚ್ಚರಿಕೆ. 2023ರ ಅಕ್ಟೋಬರ್‌ನಲ್ಲಿ ದೇಶದ ಹಲವು ಪತ್ರಕರ್ತರಿಗೆ ಆ್ಯಪಲ್‌ನಿಂದ ಇಂಥದ್ದು ಬಂದಿತ್ತು. ಅಂಥ ಎಚ್ಚರಿಕೆ ನಿಜವಾ ಅಂತ ತಿಳಿಯಲು ಬಂದ ಮೇಲ್‌ನ ಕೊಂಡಿ ಒತ್ತಬೇಡಿ, ಖಾತೆಗೆ ನೀವೇ ಲಾಗಿನ್ ಆಗಿ ನೋಡಿ. ನಿಜವಾದರೆ ಆ ಫೋನ್ ಬಿಟ್ಟು ಬೇರೆಯದರಿಂದ ಖಾತೆ ಭದ್ರ ಮಾಡಿ. ಅದೇ ಫೋನಿನಿಂದ ಸೋರ್ಸ್‌ಗೆ "ಹುಷಾರು" ಅಂತ ಕಳಿಸಬೇಡಿ.

ಹಳೆಯ ಸಂದೇಶ ಅಳಿಸುವುದು ರೂಢಿಯಾಗಿ ಮೊದಲಿನಿಂದಲೂ ನಡೆಯುತ್ತಿರಲಿ. ನೋಟಿಸ್ ಬಂದ ಮೇಲೆ ಕೂತು ಅಳಿಸಿದರೆ ಅದು ಸಾಕ್ಷ್ಯ ನಾಶ, ಬೇರೆಯದೇ ಅಪರಾಧ.

ಪೊಲೀಸರು ಬಂದರೆ ಲಿಖಿತ ನೋಟಿಸ್ ಕೇಳಿ. ಯಾವ ಕಲಂ, ಯಾವ ಪ್ರಕರಣ ಅಂತ ಓದಿ. ಫೋನ್ ತೆಗೆದುಕೊಂಡರೆ ಜಪ್ತಿ ಪಟ್ಟಿಯ ಪ್ರತಿ ಪಡೆಯಿರಿ. ಶೋಧ ಮತ್ತು ಜಪ್ತಿಯನ್ನು ಆಡಿಯೊ-ವಿಡಿಯೊದಲ್ಲಿ ದಾಖಲಿಸಬೇಕು ಅಂತ ಹೊಸ ಸಂಹಿತೆಯ 105ನೇ ಕಲಂ ಹೇಳುತ್ತದೆ, ಅದನ್ನು ನೆನಪಿಸಿ. ಠಾಣೆಯಲ್ಲಿ ಚಹಾ ಕುಡಿಯುತ್ತಾ "ಸುಮ್ನೆ ಹೇಳಿ ಸಾರ್, ಬರ್ಕೊಳಲ್ಲ" ಅಂದಾಗ ಏನೂ ಊಹಿಸಿ ಹೇಳಬೇಡಿ. "ಅವರಲ್ಲ, ಅವರೂ ಅಲ್ಲ" ಅಂತ ಒಬ್ಬೊಬ್ಬರನ್ನೇ ಬಿಡಿಸಿದರೂ ಉಳಿಯುವುದು ಒಂದೇ ಹೆಸರು. ವಕೀಲರು ಬರುವವರೆಗೆ ಮೂಲದ ಬಗ್ಗೆ ಮಾತಾಡುವುದಿಲ್ಲ ಅಂತಷ್ಟೇ ಹೇಳಿ.